ಫೀಸು ಏರಿಸಿದ್ದು ನಾನೇ

ಈ ವರ್ಷ ಒಂದೇ ವಾರದಲ್ಲಿ ಎರಡು ಫೀಸಿನ ಮೆಸೇಜು ನನ್ನ ಫೋನಲ್ಲಿ ಓಡಾಡಿದವು. ಒಂದು ನನಗೆ ಬಂದಿದ್ದು, ಇನ್ನೊಂದು ನಾನು ಕಳಿಸಿದ್ದು.

ಬಂದಿದ್ದು ಸಿಡ್ನಿಯಿಂದ. ಅಕ್ಕ ಪ್ಯಾರಮಟ್ಟ ಹತ್ತಿರ ಇದ್ದಾಳೆ. ಅವಳ ಮಗ ಒಂಬತ್ತು ವರ್ಷದವನು, ಅಲ್ಲಿನ ಏರಿಯಾ ಕ್ಲಬ್ಬಲ್ಲಿ ರಗ್ಬಿ ಆಡ್ತಾನೆ. ಹೊಸ ಸೀಸನ್‌ನ ರಿಜಿಸ್ಟ್ರೇಷನ್ ಸ್ಕ್ರೀನ್‌ಶಾಟ್ ಕಳಿಸಿ, ಕೆಳಗೆ "ನೋಡೋ ಇದನ್ನ, ವರ್ಷ ವರ್ಷ ಏರ್ತಾನೇ ಇದೆ. ಕೆಸರಲ್ಲಿ ಹೊರಳಾಡೋಕೆ ಇಷ್ಟು ದುಡ್ಡು ಕೊಡಬೇಕಂತೆ" ಅಂತ ಬರೆದಿದ್ದಳು. ಅಲ್ಲಿ ರಿಜಿಸ್ಟ್ರೇಷನ್ ಎಲ್ಲಾ ರಗ್ಬಿ ಎಕ್ಸ್‌ಪ್ಲೋರರ್ ಅನ್ನೋ ಆ್ಯಪಲ್ಲೇ. ಕ್ಲಬ್ಬಿನ ಫೀಸು, ಮೇಲಿನ ಸಂಸ್ಥೆಗಳಿಗೆ ಹೋಗೋ ಪಾಲು, ವಿಮೆ, ಎಲ್ಲಾ ಸೇರಿ ಒಂದು ಮೊತ್ತ.

ನಮ್ಮ ಊರಿಗೆ ರಗ್ಬಿ ಅಷ್ಟಾಗಿ ಗೊತ್ತಿಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ಸಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ಒಂದು ಟೀಮ್ ಇತ್ತು. ಆಫೀಸಲ್ಲಿ ಕೇಳಿದರೆ ಅದು ಯಾವುದೋ ಸಿನಿಮಾ ಅಂದ್ಕೊಂಡರು. ಆದರೆ ಅಕ್ಕನ ಗೊಣಗಾಟ ನನಗೆ ಚೆನ್ನಾಗಿ ಅರ್ಥವಾಯಿತು. ಯಾಕಂದ್ರೆ ಅದೇ ವಾರ ಮತ್ತಿಕೆರೆಯ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ನಾನೊಂದು ಮೆಸೇಜ್ ಹಾಕಿದ್ದೆ: "ಆತ್ಮೀಯ ಪೋಷಕರೇ, ಏಪ್ರಿಲ್ 1ರಿಂದ ಮಾಸಿಕ ಶುಲ್ಕ 700ರಿಂದ 1,000 ರೂಪಾಯಿ, ವಾರ್ಷಿಕ ನೋಂದಣಿ 500ರಿಂದ 1,500 ರೂಪಾಯಿ. ದಯವಿಟ್ಟು ಸಹಕರಿಸಿ. ಇಂತಿ, ಖಜಾಂಚಿ."

ಖಜಾಂಚಿ ನಾನೇ. ಎರಡು ವರ್ಷದ ಹಿಂದೆ ಸರ್ವಸದಸ್ಯರ ಸಭೆಯಲ್ಲಿ "ನೀನು ಸಾಫ್ಟ್‌ವೇರಲ್ಲಿ ಇದೀಯಲ್ಲಪ್ಪ, ಎಕ್ಸೆಲ್ ಗೊತ್ತಿರತ್ತೆ" ಅಂದರು. ಅಷ್ಟೇ ಅರ್ಹತೆ.

ಈ ಕ್ಲಬ್ಬಿಗೆ ನಾನು ಮೊದಲು ಸೇರಿದ್ದು ಐದನೇ ಕ್ಲಾಸಲ್ಲಿ. ಆಗ ತಿಂಗಳಿಗೆ 50 ರೂಪಾಯಿ. ಅದನ್ನೂ ಮೂರು ತಿಂಗಳು ಬಾಕಿ ಇಟ್ಟು ಕೊಟ್ಟಿದ್ದುಂಟು, ಯಾರೂ ಏನೂ ಅಂದಿರಲಿಲ್ಲ. ಹಾಗಾಗಿ "ಆಗ 50 ಇತ್ತು, ಈಗ 1,000 ಯಾಕೆ?" ಅಂತ ಯಾರಾದರೂ ಕೇಳಿದರೆ ಹಣದುಬ್ಬರ ಅಂತ ಹೇಳಿ ಕೈ ತೊಳ್ಕೊಳ್ಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ, ಲೆಕ್ಕದ ಹಳೇ ಪುಸ್ತಕ ತೆಗೆದು ನೋಡೋವರೆಗೆ.

ಹಳೇ ಪುಸ್ತಕದಲ್ಲಿ ಕೋಚ್ ಸಂಬಳ ಅನ್ನೋ ಸಾಲೇ ಇಲ್ಲ.

ನಮಗೆ ಆಟ ಕಲಿಸಿದ ಸರ್ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದವರು. ಜನರಲ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿಂದ ಇಳಿದು, ಮನೇಲಿ ಕಾಫಿ ಕುಡಿದು ಐದೂವರೆಗೆ ಕೋರ್ಟಿಗೆ ಬರೋರು. ಕೊರಳಲ್ಲಿ ವಿಷಲ್, ಕೈಯಲ್ಲಿ ಎಚ್‌ಎಂಟಿ ವಾಚು. ಮತ್ತಿಕೆರೆ, ಯಶವಂತಪುರ, ಜಾಲಹಳ್ಳಿ ಕಡೆ ಇಂಥವರು ಎಷ್ಟು ಜನ ಇದ್ದರೋ. 1950ರ ದಶಕದಲ್ಲಿ ಬಿಇಎಲ್, ಎಚ್‌ಎಂಟಿ ಬಂದವು, 1961ರಲ್ಲಿ ಎಚ್‌ಎಂಟಿಯ ವಾಚ್ ಫ್ಯಾಕ್ಟರಿ ಬಂತು. ಕಾರ್ಖಾನೆಗಳಿಗೆ ಅವುಗಳದ್ದೇ ಟೀಮುಗಳಿದ್ದವು. ಆಟಗಾರರಿಗೆ ಕೆಲಸ ಕೊಡ್ತಿದ್ದರು, ಟೂರ್ನಮೆಂಟಿಗೆ ರಜೆ ಕೊಡ್ತಿದ್ದರು. ಆಡೋ ವಯಸ್ಸು ಮುಗಿದ ಮೇಲೆ ಅವರು ಸಂಜೆ ಹೊತ್ತು ಏರಿಯಾದ ಮಕ್ಕಳಿಗೆ ಹೇಳಿಕೊಡೋರು. ಅಂದ್ರೆ ನಮ್ಮ ಕೋಚಿಗೆ ಸಂಬಳ ಇತ್ತು, ಪಿಎಫ್ ಇತ್ತು, ಕ್ಯಾಂಟೀನ್ ಊಟನೂ ಇತ್ತು. ಅದನ್ನ ಕೊಡ್ತಿದ್ದದ್ದು ಕ್ಲಬ್ ಅಲ್ಲ, ಕಾರ್ಖಾನೆ. ನಮ್ಮ 50 ರೂಪಾಯಿ ಬಾಲಿಗೂ ನೆಟ್ಟಿಗೂ ಸರಿಹೋಗ್ತಿತ್ತು.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟಾಗ ಎಲ್ಲರೂ ಹಳೇ ವಾಚಿನ ಫೋಟೋ ಹಾಕಿ ಬೇಜಾರು ಮಾಡ್ಕೊಂಡರು. ನಾನೂ ಅಪ್ಪನ ವಾಚಿನ ಫೋಟೋ ಹಾಕಿದ್ದೆ. ಸಂಜೆ ಐದೂವರೆಗೆ ಪುಕ್ಕಟೆ ಬರೋ ಕೋಚುಗಳ ಪೀಳಿಗೆಯೂ ಮುಗೀತಾ ಬಂತು ಅಂತ ಆಗ ಹೊಳೆಯಲಿಲ್ಲ. ಈಗಿನ ನಮ್ಮ ಕೋಚ್ ಇಪ್ಪತ್ತೇಳರ ಹುಡುಗ, ವಿಶ್ವವಿದ್ಯಾಲಯದ ಟೀಮಲ್ಲಿ ಆಡಿದವನು. ಅವನಿಗೆ ಇದೇ ಉದ್ಯೋಗ. ಬೆಳಗ್ಗೆ ಒಂದು ಶಾಲೆ, ಸಂಜೆ ನಾವು. ಅವನೂ ಬಾಡಿಗೆ ಕಟ್ಟಬೇಕು, ಮದುವೆ ಆಗಬೇಕು.

ಜಾಗದ ಕಥೆಯೂ ಹಾಗೇ. ಪಕ್ಕದ ಮಲ್ಲೇಶ್ವರದಲ್ಲಿ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಕೆನರಾ ಯೂನಿಯನ್ ಹಾಲಲ್ಲಿ. ಅದು ಮದುವೆ ಹಾಲು. ಮುಹೂರ್ತ ಇದ್ದ ದಿನ ಆಟ ಇಲ್ಲ, ಇಲ್ಲದ ದಿನ ಆಟ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮನುಷ್ಯ ಶುರುಮಾಡಿದ್ದು ಖಾಲಿ ಬಿದ್ದಿರೋ ಛತ್ರದಲ್ಲಿ. ಆಗಿನ ಬೆಂಗಳೂರಲ್ಲಿ ಖಾಲಿ ಅನ್ನೋದೊಂದಿತ್ತು, ಅದನ್ನ ಮಕ್ಕಳಿಗೆ ಬಿಡೋರು. ಈಗ ಖಾಲಿ ಇರೋ ಪ್ರತಿ ಗಂಟೆಗೂ ರೇಟಿದೆ. ಸೈಟು ಖಾಲಿ ಇದ್ದರೆ ಹಸಿರು ಹುಲ್ಲಿನ ಟರ್ಫ್ ಹಾಸಿ, ಸುತ್ತ ನೆಟ್ ಕಟ್ಟಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡ್ತಾರೆ. ನಾವು ಆಡೋ ಕೋರ್ಟು ಒಂದು ಶಾಲೆಯದು. ಮೊದಲು ಗಣರಾಜ್ಯೋತ್ಸವಕ್ಕೆ ಮೈದಾನ ಸ್ವಚ್ಛ ಮಾಡಿಕೊಟ್ಟರೆ ಸಾಕಿತ್ತು. ಈಗ ತಿಂಗಳಿಗೆ 12,000. ಅವರನ್ನೂ ತಪ್ಪು ಅನ್ನೋಕಾಗಲ್ಲ, ಬೇರೆಯವರು ಇದರ ಎರಡರಷ್ಟು ಕೊಡ್ತೀವಿ ಅಂತ ಬಾಗಿಲಲ್ಲೇ ನಿಂತಿದಾರೆ.

ಲೆಕ್ಕ ಹೀಗಿತ್ತು. ಕೋಚ್ ಮತ್ತೆ ಅಸಿಸ್ಟೆಂಟ್ ಸೇರಿ 32,000. ಕೋರ್ಟು 12,000. ಲೈಟು 4,000. ಬಾಲು, ನೆಟ್ಟು, ಟೂರ್ನಮೆಂಟ್ ಎಂಟ್ರಿ 3,000. ತಿಂಗಳಿಗೆ ಒಟ್ಟು 51,000. ನಮ್ಮಲ್ಲಿ 38 ಮಕ್ಕಳು, ಜೊತೆಗೆ ಶನಿವಾರ ಭಾನುವಾರ ಬೆಳಗ್ಗೆ ಆಡೋ ದೊಡ್ಡವರು 16 ಜನ, ಹೆಚ್ಚಿನವರು ನನ್ನಂಥ ಐಟಿಯವರೇ. ತಲಾ 700ರಂತೆ ಬರ್ತಿದ್ದದ್ದು 37,800. ಪ್ರತಿ ತಿಂಗಳೂ 13,200 ಕೊರತೆ, ಹಳೇ ಉಳಿತಾಯ ಕರಗ್ತಾ ಇತ್ತು. ತಲಾ 1,000 ಮಾಡಿದರೆ 54,000. ಶೀಟಿನ ಕೊನೇ ಸೆಲ್ ಕೆಂಪಿಂದ ಹಸಿರಾಯಿತು. ಸಮಿತಿಗೆ ತೋರಿಸಿದೆ, ಹತ್ತು ನಿಮಿಷದಲ್ಲಿ ಪಾಸ್.

ಕಂಪನಿಯ ಸಿಎಸ್‌ಆರ್ ದುಡ್ಡಿಗೂ ಪ್ರಯತ್ನಪಟ್ಟೆ. ಕಂಪನಿ ಕಾಯಿದೆಯ ಪಟ್ಟಿಯಲ್ಲಿ ಕ್ರೀಡಾ ತರಬೇತಿ ಇದೆ. ಆದರೆ ನಮ್ಮಂಥ ಕ್ಲಬ್ಬು ಅದನ್ನ ತಗೋಬೇಕಾದರೆ 12ಎ, 80ಜಿ ನೋಂದಣಿ, ಸಿಎಸ್‌ಆರ್-1 ಫಾರಂ, ಮೂರು ವರ್ಷದ ಕೆಲಸದ ದಾಖಲೆ ಬೇಕು. ನಮ್ಮ ಹತ್ತಿರ ಇದ್ದದ್ದು 1960ರ ಸಂಘಗಳ ನೋಂದಣಿ ಕಾಯಿದೆಯಡಿ ಸಿಕ್ಕ, ಲ್ಯಾಮಿನೇಷನ್ ಮಾಡಿಸಿದ ಒಂದು ಸರ್ಟಿಫಿಕೇಟ್. ಆಡಿಟರ್ ಒಬ್ಬರನ್ನ ಹಿಡಿದಿದ್ದೀವಿ, ಆಗತ್ತೆ ಅಂತಿದಾರೆ.

ಸರಿ, ಫೀಸು ಏರಿತು. ಗ್ರೂಪಲ್ಲಿ ಯಾರೂ ಜಗಳ ಆಡಲಿಲ್ಲ. ನಾಲ್ಕೈದು ಥಂಬ್ಸ್ ಅಪ್ ಬಂತು. "ಕಷ್ಟ ಇರುವವರು ಖಜಾಂಚಿಯನ್ನು ಸಂಪರ್ಕಿಸಿ, ರಿಯಾಯಿತಿ ಕೊಡಲಾಗುವುದು" ಅಂತಲೂ ಬರೆದಿದ್ದೆ. ಒಬ್ಬರೂ ಸಂಪರ್ಕಿಸಲಿಲ್ಲ. ನಾನು ಖುಷಿಯಾಗಿದ್ದೆ.

ಜೂನ್ ಹೊತ್ತಿಗೆ ಮಕ್ಕಳು 31 ಆಗಿದ್ದರು. ನನ್ನ ಶೀಟಲ್ಲಿ 38 ಅನ್ನೋದನ್ನ ಹಾಗೇ ಟೈಪ್ ಮಾಡಿ ಬಿಟ್ಟಿದ್ದೆ. ಆಫೀಸಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಕೋಡ್ ರಿವ್ಯೂನಲ್ಲಿ ಚೆನ್ನಾಗಿ ಬೈತಿದ್ದೆ. ಬೆಲೆ ಬದಲಾದರೂ ಜನ ಬದಲಾಗಲ್ಲ ಅನ್ನೋ ನಂಬಿಕೆ. 31 ಮಕ್ಕಳು, 16 ದೊಡ್ಡವರು, 47,000. ಮತ್ತೆ ಕೊರತೆ.

ಬಿಟ್ಟ ಏಳರಲ್ಲಿ ಐದು ಹೆಣ್ಣುಮಕ್ಕಳು.

ಅದರಲ್ಲಿ ಒಬ್ಬಳು ಹದಿಮೂರರ ಹುಡುಗಿ. ಎಡಗೈಲಿ ಡ್ರಿಬಲ್ ಮಾಡೋಳು, ದೊಡ್ಡ ಹುಡುಗರೂ ಅವಳ ಕೈಯಿಂದ ಬಾಲ್ ಕಿತ್ಕೊಳ್ಳೋಕೆ ಒದ್ದಾಡೋರು. ಅವಳ ತಮ್ಮನೂ ನಮ್ಮಲ್ಲೇ ಇದ್ದಾನೆ, ಅವನು ಬರ್ತಿದ್ದಾನೆ. ಅಪ್ಪ ಇಸ್ತ್ರಿ ಗಾಡಿ ಇಟ್ಕೊಂಡಿದ್ದಾರೆ, ಅಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗ್ತಾರೆ. ಸಂಜೆ ಏಳಕ್ಕೆ ತಮ್ಮನನ್ನ ಕರ್ಕೊಂಡು ಹೋಗೋಕೆ ಇವಳೇ ಬರ್ತಾಳೆ. ಗೇಟಿನ ಹತ್ತಿರ ಅವನ ಬ್ಯಾಗ್ ಹಿಡ್ಕೊಂಡು ನಿಂತಿರ್ತಾಳೆ, ಒಳಗೆ ಬರಲ್ಲ. "ಯಾಕಮ್ಮ ಆಟಕ್ಕೆ ಬರ್ತಿಲ್ಲ?" ಅಂದೆ. "ಒಂಬತ್ತನೇ ಕ್ಲಾಸು ಅಣ್ಣ, ಓದೋದು ಜಾಸ್ತಿ" ಅಂದಳು. ಜೂನ್ ಮೊದಲನೇ ವಾರ ಅದು. ಪುಸ್ತಕಕ್ಕೆ ಬೈಂಡ್ ಹಾಕಿ ಮುಗಿದಿರಲ್ಲ.

ಇಬ್ಬರಿಗೂ ಸೇರಿ ಮೊದಲ ತಿಂಗಳು 5,000 ಕಟ್ಟಬೇಕಾಗಿತ್ತು. ಒಬ್ಬರಿಗೆ ಸಾಕು ಅಂತ ಮನೇಲಿ ತೀರ್ಮಾನ ಆಗಿರತ್ತೆ. ಯಾರಿಗೆ ಸಾಕು ಅನ್ನೋದು ಎಲ್ಲಾ ಮನೇಲೂ ಹೆಚ್ಚುಕಮ್ಮಿ ಒಂದೇ ಥರ ತೀರ್ಮಾನ ಆಗತ್ತೆ. ಎರಡು ಹಾಜರಿ ಶೀಟು ಪಕ್ಕ ಪಕ್ಕ ಇಟ್ಟಾಗ ಅದು ನನಗೆ ಕಾಣಿಸಿತು, ಮೊದಲೇ ಕಾಣಬೇಕಿತ್ತು.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಹೇಳಿದ್ದು ಇಷ್ಟು: ಅವರಿರೋ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2018ರಿಂದ ಮಕ್ಕಳ ಆಟದ ಫೀಸಿಗೆ ಸರ್ಕಾರ ವೋಚರ್ ಕೊಡ್ತಿದೆ. ಶುರುವಲ್ಲಿ ಶಾಲೆಗೆ ಹೋಗೋ ಎಲ್ಲಾ ಮಕ್ಕಳಿಗೂ 100 ಡಾಲರ್ ಇತ್ತು. 2024ರಿಂದ ಆದಾಯ ಕಮ್ಮಿ ಇರೋ ಮನೆಗಳಿಗೆ ಮಾತ್ರ, ವರ್ಷಕ್ಕೆ ಎರಡು ಸಲ 50 ಡಾಲರ್. ಅಕ್ಕನಿಗೆ ಈಗ ಸಿಗಲ್ಲ, ಅದಕ್ಕೇ ಗೊಣಗಾಟ. "ಆದ್ರೆ ಸಿಗೋರು ಕೋಚ್ ಮುಂದೆ ನಿಂತು ಕೇಳಬೇಕಾಗಿಲ್ಲ ಕಣೋ. ಒಂದು ನಂಬರ್ ಹಾಕಿದರೆ ಮುಗೀತು. ನೀನು ಗ್ರೂಪಲ್ಲಿ 'ಕಷ್ಟ ಇರುವವರು' ಅಂತ ಬರೆದ್ರೆ ಯಾರು ಬರ್ತಾರೆ? ಅಮ್ಮ ಹೋಗ್ತಿದ್ದಳಾ ನಮಗೋಸ್ಕರ?"

ಹೋಗ್ತಿರಲಿಲ್ಲ. ಮೂರು ತಿಂಗಳು ಬಾಕಿ ಇಟ್ಟಾಗಲೂ ಅಮ್ಮ ಬಾಕಿ ಅಂತ ಹೇಳಿರಲಿಲ್ಲ, "ಚಿಲ್ಲರೆ ಇರಲಿಲ್ಲ" ಅಂದಿದ್ದಳು. ಸರ್ ತಲೆ ಅಲ್ಲಾಡಿಸಿ ಪುಸ್ತಕದಲ್ಲಿ ಟಿಕ್ ಹಾಕಿದ್ದರು.

ಮುಂದಿನ ಸಮಿತಿ ಸಭೆಗೆ ಬೇರೆ ಶೀಟ್ ತಗೊಂಡು ಹೋದೆ. ಮಕ್ಕಳಿಗೆ ಮತ್ತೆ 700, ನೋಂದಣಿ 300. ದೊಡ್ಡವರಿಗೆ 1,800. ಈ ಸಲ ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ, ಎರಡು ಗಂಟೆ ಹಿಡೀತು. "ನಾವು ವಾರಕ್ಕೆ ಎರಡು ದಿನ ಆಡ್ತೀವಿ, ಮಕ್ಕಳು ಐದು ದಿನ. ಇದ್ಯಾವ ನ್ಯಾಯ?" ಅಂತ ಒಬ್ಬ. "ಕಮ್ಮಿ ಮಾಡಿದರೆ ಬೆಲೆ ಇರಲ್ಲ, ಸೀರಿಯಸ್ ಆಗಿ ಬರಲ್ಲ" ಅಂತ ಇನ್ನೊಬ್ಬ. ಇವನು ನನ್ನ ಜೊತೆಗೇ 50 ರೂಪಾಯಿ ಕೊಟ್ಟು ಕಲಿತವನು. ನೀನು ಸೀರಿಯಸ್ ಆಗಿ ಬರ್ತಿರಲಿಲ್ವಾ ಅಂತ ಕೇಳಿದೆ. ಸ್ವಲ್ಪ ಜೋರಾಗೇ ಕೇಳಿದೆ, ಕೇಳಬಾರದಿತ್ತೇನೋ. ಶುಕ್ರವಾರ ರಾತ್ರಿ ಟರ್ಫಿಗೆ ಗಂಟೆಗೆ ಸಾವಿರದ ಮೇಲೆ ಕೊಟ್ಟು, ಆಮೇಲೆ ಬಿರಿಯಾನಿಗೆ ಅಷ್ಟೇ ಕೊಟ್ಟು ಬರೋರು ನಾವು. ಮೊದಲ ನ್ಯಾಯದ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕಾರ್ಖಾನೆ ಕೊಡ್ತಿದ್ದದ್ದನ್ನ ಈಗ ಯಾರಾದರೂ ಕೊಡಬೇಕು, ಆ ಮಕ್ಕಳಿಗಿಂತ ನಮ್ಮ ಹತ್ತಿರ ಜಾಸ್ತಿ ಇದೆ, ಅಷ್ಟೇ ಹೇಳಿದೆ. ಮೂರು ತಿಂಗಳು ನೋಡೋಣ ಅಂತ ಒಪ್ಪಿದರು. ಒಬ್ಬ ಕ್ಲಬ್ ಬಿಟ್ಟ. 15 ಜನಕ್ಕೆ 27,000, 31 ಮಕ್ಕಳಿಗೆ 21,700. ಇನ್ನೂ 2,300 ಕೊರತೆ. ನಾಲ್ಕು ಮಕ್ಕಳು ವಾಪಸ್ ಬಂದರೆ ಸರಿಹೋಗತ್ತೆ. ಈ ಸಲ ಮಕ್ಕಳ ಸಂಖ್ಯೆ ಹಾಜರಿ ಶೀಟಿಂದಲೇ ಬರೋ ಥರ ಫಾರ್ಮುಲಾ ಹಾಕಿದ್ದೀನಿ.

ಗ್ರೂಪಿನ ಮೆಸೇಜಲ್ಲಿ ಕಷ್ಟ, ರಿಯಾಯಿತಿ ಅನ್ನೋ ಪದಗಳನ್ನೇ ತೆಗೆದೆ. ಮಕ್ಕಳ ಫೀಸು ಇಷ್ಟು, ಮುಗೀತು.

ಹೋದ ಭಾನುವಾರ ಬೆಳಗ್ಗೆ ಆಟ ಮುಗಿಸಿ ಶೂ ಬಿಚ್ತಾ ಇದ್ದಾಗ ಆ ಹುಡುಗಿಯ ಅಮ್ಮ ಬಂದರು. ಪರ್ಸಿಂದ ಮೂರು ನೂರರ ನೋಟು ತೆಗೆದು ಕೊಟ್ಟರು. "ತಿಂಗಳಿನದು ಹತ್ತನೇ ತಾರೀಕು ಸಂಬಳ ಆದ ಮೇಲೆ ಕೊಡ್ತೀನಿ ಸರ್. ಇದಕ್ಕೆ ರಸೀದಿ ಕೊಡ್ತೀರಲ್ಲ? ಅವಳ ಹೆಸರಲ್ಲೇ ಬರೀರಿ."

ನಮ್ಮದೆಲ್ಲಾ ಯುಪಿಐ, ರಸೀದಿ ಪುಸ್ತಕ ಅನ್ನೋದೇ ಇರಲಿಲ್ಲ. ಐದು ನಿಮಿಷ ಇರಿ ಅಂತ ಹೇಳಿ, ಒಂದೇ ಶೂ ಹಾಕಿದ್ದವನು ಇನ್ನೊಂದನ್ನೂ ಹಾಕ್ಕೊಂಡು ಸ್ಟೇಷನರಿ ಅಂಗಡಿಗೆ ಓಡಿದೆ.