ಬಣ್ಣ ನೋಡಿ ಹಕ್ಕಿ ಗುರುತಿಸಬೇಡಿ

ಹೊಸದಾಗಿ ಹಕ್ಕಿ ಗುರುತಿಸುವವರಿಗೆ ಅಂತ ಬರುವ ಎಷ್ಟೋ ಪುಸ್ತಕಗಳಲ್ಲಿ ಚಿತ್ರ ಬಲು ಚಂದ ಇರ್ತಾವೆ. ಆದರೆ ನಮ್ಮಂಥ ಸಣ್ಣ ರೈತರಿಗೆ ಅದರಿಂದ ಅರ್ಧ ಉಪಯೋಗ ಅಷ್ಟೆ. ಏರುಬಿಸಿಲಿನಾಗ ತಂತಿ ಮೇಲೆ ಕುಂತ ಹಕ್ಕಿ ಯಾವುದಿದ್ದರೂ ಕರ್ರಗೇ ಕಾಣ್ತದೆ. ಬಣ್ಣ ಹುಡುಕುವುದರೊಳಗೆ ಹಾರಿ ಹೋಗಿರ್ತದೆ.

ಮೊದಲು ಅಳತೆ ನೋಡಬೇಕು. ಗುಬ್ಬಿ, ಗೊರವಂಕ, ಕಾಗೆ ಎಲ್ಲರಿಗೂ ಗೊತ್ತು. ಕಂಡ ಹಕ್ಕಿ ಇವುಗಳಿಗಿಂತ ದೊಡ್ಡದೋ ಸಣ್ಣದೋ ಅಂತ ತಿಳಿದರೆ ಅರ್ಧ ಕೆಲಸ ಆಯ್ತು. 1941ರಲ್ಲಿ ಹೊರಬಂದ ಸಲೀಂ ಅಲಿಯವರ ಪುಸ್ತಕದಲ್ಲೂ ಗೊತ್ತಿದ್ದ ಹಕ್ಕಿಯನ್ನೇ ಅಳತೆಗೆ ಹಿಡಿದಿದ್ದಾರೆ. ಆಮೇಲೆ ನಡಿಗೆ, ಬಾಲ, ಕೊಕ್ಕು. ಗುಬ್ಬಿ ಕುಪ್ಪಳಿಸ್ತದೆ, ಗೊರವಂಕ ಹೆಜ್ಜೆ ಹಾಕಿ ನಡೀತದೆ. ಕಾಜಾಣದ ಬಾಲ ಮೀನಿನ ಬಾಲದಂಗೆ ಸೀಳಿರ್ತದೆ. ಬೀಸಣಿಕೆಯಂಥ ಜುಟ್ಟು, ಉದ್ದನ್ನ ಬಾಗಿದ ಕೊಕ್ಕು ಇದ್ದು ನೆಲ ಕುಕ್ಕುತ್ತಿದ್ದರೆ ಅದು ಚಂದ್ರಮುಕುಟ.

ಬಣ್ಣ ನಂಬಿದರೆ ಮೋಸ. ಗಂಡು ಕೋಗಿಲೆ ಕಪ್ಪು. ಹೆಣ್ಣಿನದು ಕಂದು ಮೈ, ಮೇಲೆ ಬಿಳಿ ಚುಕ್ಕಿ. ದನದ ಹಿಂದೆ ತಿರುಗುವ ಬೆಳ್ಳಕ್ಕಿಗೆ ಮರಿ ಮಾಡುವ ಕಾಲಕ್ಕೆ ತಲೆ, ಕುತ್ತಿಗೆ ಕೇಸರಿ ಆಗ್ತದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕುಂತಾಗ ಮಣ್ಣುಬಣ್ಣ, ರೆಕ್ಕೆ ಬಿಚ್ಚಿದಾಗ ನೀಲಿ.

ಪುಸ್ತಕದಲ್ಲಿ ಇನ್ನೊಂದು ಮಾತು ಇರಲೇಬೇಕು: ಇದು ಏನು ತಿಂತದೆ? ರೈತನಿಗೆ ಹೆಸರಿಗಿಂತ ಅದೇ ಮುಖ್ಯ. ನಮ್ಮ ಸಂಕೇಶ್ವರ ಕಡೆ ಜೋಳ ಹಾಲುಗಾಳಿಗೆ ಬಂತಂದ್ರೆ ಕವಣಿ ಹೊರಗೆ ಬರ್ತದೆ. ಗಿಳಿ, ಗೀಜಗ ತೆನಿ ತಿಂತಾವೆ, ಓಡಿಸಲೇಬೇಕು. ಅದೇ ಕಲ್ಲು ಕಾಜಾಣಕ್ಕೂ ಬೀಳ್ತದೆ. ಪಾಪ, ಅದು ಕಾಳು ಮುಟ್ಟೂದಿಲ್ಲ. ಮಿಡತಿ, ಪತಂಗ, ಕೀಡಿ ಹಿಡಿದು ತಿಂತದೆ. ಕಡಲೆಗೆ ಕಾಯಿಕೊರಕ ಬೀಳುವ ಮುಂಚೆ ಎಕರೆಗೆ ಎಂಟ್ಹತ್ತು ಕವಲುಗೋಲು ನೆಟ್ಟರೆ ಅದಕ್ಕೆ ಕೂಡಲು ಜಾಗ ಆಗ್ತದೆ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳ್ತಾರೆ. ಇನ್ನು ಗೀಜಗ, ಗುಬ್ಬಿ ಸಹ ಮರಿಗೆ ಹುಳ ಉಣಿಸ್ತಾವೆ. ಅಂದರೆ ಅವುಗಳ ಲೆಕ್ಕವೂ ಬರೀ ಲುಕ್ಸಾನಿನದಲ್ಲ.

ಗೂಬೆಯದು ಇನ್ನೂ ಅನ್ಯಾಯ. ಹಾಲಕ್ಕಿ ನುಡಿದರೆ ಶಕುನ ಕೇಳ್ತೇವೆ, ದೊಡ್ಡ ಗೂಬೆ ಮನೆ ಮೇಲೆ ಕುಂತರೆ ಕಲ್ಲು ಹೊಡೀತೇವೆ. ಶೇಂಗಾ ತಿನ್ನುವ ಇಲಿಯನ್ನು ರಾತ್ರಿಯೆಲ್ಲಾ ಹಿಡಿಯುವುದು ಅದೇ.

ಹಕ್ಕಿ ನೋಡೂದು ಹೊಟ್ಟಿ ತುಂಬಿದವರ ಕೆಲಸ ಅನ್ನೋರಿದ್ದಾರೆ. ನಾನು ಒಪ್ಪೂದಿಲ್ಲ. ಸಾಲ ಮಾಡಿ ಔಷಧ ತರುವವನಿಗೇ ಪುಕ್ಕಟೆ ದುಡಿಯುವ ಆಳು ಯಾರು ಅಂತ ಮೊದಲು ಗೊತ್ತಿರಬೇಕು. ಪಕ್ಕದ ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮಕ್ಕೆ ವಲಸೆ ಹಕ್ಕಿ ನೋಡಲು ಜನ ಹೋಗ್ತಾರೆ, ಹೋಗಲಿ. ಆದರೆ ವರ್ಷವಿಡೀ ನಮ್ಮ ತಿಪ್ಪಿ, ಬಣವಿ, ಬೇವಿನ ಗಿಡದಾಗ ಇರುವ ಹಕ್ಕಿಗಳ ಪಟ್ಟಿ ನಾವೇ ಮಾಡಬೇಕು.

ಮಕ್ಕಳ ಹಳೇ ನೋಟ್‌ಬುಕ್ ಸಾಕು. ಅಳತೆ, ಬಾಲ-ಕೊಕ್ಕು, ಕೂಗು, ತಿನಿಸು ಅಂತ ನಾಲ್ಕು ಮನೆ ಹಾಕಿ. ಊರಾಗ ಕರೆಯುವ ಹೆಸರು ಮೊದಲು ಬರೀರಿ, ಪುಸ್ತಕದ ಹೆಸರು ಆಮೇಲೆ. ಹಿತ್ತಲದ ಹತ್ತು ಹಕ್ಕಿ ಗುರುತು ಸಿಕ್ಕ ಮೇಲೆ ಕವಣಿ ಎತ್ತೂದೋ ಬ್ಯಾಡೋ ನೀವೇ ಹೇಳ್ರಿ.