ಲಂಡನ್ನಿನ ಭೂತ ಗೊತ್ತು, ನಮ್ಮೂರ ಹೊಳೆ ಗೊತ್ತೇ?

ಕೊಲೆ ನಡೆದ ಜಾಗದಲ್ಲಿ ಎಳೆಯ ಪೇದೆಯೊಬ್ಬ ಚಳಿಯಲ್ಲಿ ನಡುಗುತ್ತ ಕಾವಲು ನಿಂತಿದ್ದಾನೆ. ಪ್ರತ್ಯಕ್ಷ ಸಾಕ್ಷಿಯೊಬ್ಬ ಸಿಗುತ್ತಾನೆ. ಆದರೆ ಆ ಸಾಕ್ಷಿ ಸತ್ತು ನೂರು ವರ್ಷ ದಾಟಿದೆ! ಪೇದೆ ಓಡಿಹೋಗುವುದಿಲ್ಲ. ಭೂತದ ಹೇಳಿಕೆ ಪಡೆಯಲು ನಿಲ್ಲುತ್ತಾನೆ.

2011ರಲ್ಲಿ ಪ್ರಕಟವಾದ ಬೆನ್ ಆರೊನೊವಿಚ್ ಅವರ ‘ರಿವರ್ಸ್ ಆಫ್ ಲಂಡನ್’ ಕಾದಂಬರಿ ಶುರುವಾಗುವುದು ಹೀಗೆ. ನಮ್ಮ ಕಾಲೇಜು ಹುಡುಗರು ಇದನ್ನು ಇಂಗ್ಲಿಷಿನಲ್ಲಿ ಓದಿ ನಗುತ್ತಾರೆ. ನಗಲಿ, ತಪ್ಪೇನಿಲ್ಲ. ಪತ್ತೇದಾರಿ ಎಂದರೆ ಮೂಗು ಮುರಿಯುವ ಪಂಡಿತರು ಒಂದು ಮಾತು ನೆನಪಿಡಲಿ: ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಸಾಮಾನ್ಯ ಜನರ ಕೈಗೆ ಕನ್ನಡ ಪುಸ್ತಕ ಕೊಟ್ಟರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದುತ್ತಲೇ ಓದಿನ ಚಟ ಹತ್ತಿಸಿಕೊಂಡವರು ಎಷ್ಟು ಮಂದಿ!

ಈ ಇಂಗ್ಲಿಷ್ ಪುಸ್ತಕದ ಸೆಳೆತ ಮಂತ್ರದಲ್ಲಿಲ್ಲ, ಊರಿನಲ್ಲಿದೆ. ಅಲ್ಲಿ ಪ್ರತಿ ಹೊಳೆಗೂ ಒಬ್ಬ ದೇವತೆ. ಟೈಬರ್ನ್, ಫ್ಲೀಟ್ ನದಿಗಳು ಎಂದೋ ರಸ್ತೆಯಡಿ ಹೂತುಹೋಗಿವೆ. ಕಾದಂಬರಿಯಲ್ಲಿ ಅವು ಹೆಂಗಸರಾಗಿ ಎದ್ದು ಬಂದು ಪೇದೆಯ ಜೊತೆ ಜಗಳಕ್ಕೆ ನಿಲ್ಲುತ್ತವೆ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ ದಡದ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಇದು ಚರಿತ್ರೆ. ಆಗ ನದಿಯಪ್ಪ ಮುನಿಸಿಕೊಂಡು ಊರು ಬಿಟ್ಟ ಎನ್ನುವುದು ಕಾದಂಬರಿಯ ಕಿಡಿಗೇಡಿತನ.

ಇನ್ನೂ ಒಂದು ಸೊಗಸಿದೆ. ನದಿಯಪ್ಪ ಬಿಟ್ಟುಹೋದ ಜಾಗಕ್ಕೆ ಬಂದ ಥೇಮ್ಸಮ್ಮ ನೈಜೀರಿಯಾದವಳು. ಪೇದೆ ಪೀಟರ್ ಗ್ರಾಂಟನ ತಾಯಿ ಸಿಯೆರಾ ಲಿಯೋನಿನವಳು. ಆದರೂ ಲಂಡನ್ ಅವನದು. ಏಕೆ? ಪ್ರತಿ ಗಲ್ಲಿಯ ಹೆಸರು, ಆ ಹೆಸರಿನ ಹಿಂದಿನ ಕಥೆ ಅವನ ನಾಲಿಗೆಯ ಮೇಲಿದೆ. ಹೊರಗಿನಿಂದ ಬಂದವರು ಊರಿನವರಾಗುವುದು ಹೀಗೆ. ಊರಿನ ಹೆಸರು, ಊರಿನ ಮಾತು ಕಲಿತು. ಬೆಂಗಳೂರಿಗೆ ಬಂದವರನ್ನು ನಾವು ಕೇಳುವುದೂ ಇಷ್ಟೇ ಅಲ್ಲವೇ?

ಆದರೆ ಗೆಳೆಯರೇ, ಅವರಿಗೆ ಕಲಿಸಲು ಮೊದಲು ನಮಗೆ ಗೊತ್ತಿರಬೇಕಲ್ಲ! ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ್ದ ವೃಷಭಾವತಿ ಇಂದು ನಮ್ಮ ಬಾಯಲ್ಲಿ ‘ಕೆಂಗೇರಿ ಮೋರಿ’. ಅವಳು ಅರ್ಕಾವತಿಯನ್ನು ಸೇರಿ ಕಾವೇರಿಗೇ ಹೋಗುತ್ತಾಳೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವ ನಾವು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣದ ಅಡಿಯಲ್ಲಿ ಸಂಪಂಗಿ ಕೆರೆ. ಉಳಿದಿರುವ ಒಂದು ಪುಟ್ಟ ಕೊಳವನ್ನು ನೆನಪಿಟ್ಟಿರುವುದು ಕರಗ, ನಾವಲ್ಲ.

ಹೆಸರು ಸತ್ತ ಮೇಲೆ ಹೊಳೆಯನ್ನು ಕೊಲ್ಲುವುದು ಸುಲಭ. ಮೋರಿಗೆ ಕೊಳಚೆ ಬಿಟ್ಟರೆ ಯಾರು ಕೇಳುತ್ತಾರೆ? ವೃಷಭಾವತಿಗೆ ಬಿಟ್ಟರೆ ಕೇಳಬೇಕಾಗುತ್ತದೆ. ನಾಮಫಲಕದಲ್ಲಿ ಕನ್ನಡ ಬೇಕೆಂದು ಹೋರಾಡುವ ನಾವು, ಫಲಕವೇ ಇಲ್ಲದ ಈ ಹೆಸರುಗಳಿಗಾಗಿಯೂ ಹೋರಾಡಬೇಕು.

ಅದಕ್ಕೆ ಮೆರವಣಿಗೆ ಒಂದೇ ದಾರಿಯಲ್ಲ. ನಗಿಸುವ, ನಿದ್ದೆಗೆಡಿಸುವ ಒಂದು ಕನ್ನಡ ಪತ್ತೇದಾರಿಯೂ ಸಾಕು. ಉಪ್ಪಾರಪೇಟೆ ಠಾಣೆಯ ಪೇದೆಯೊಬ್ಬ ನಡುರಾತ್ರಿ ಬಸ್ ನಿಲ್ದಾಣದಲ್ಲಿ ಗಸ್ತು ತಿರುಗುತ್ತಿದ್ದಾನೆ. ಮೈಯೆಲ್ಲ ತೊಯ್ದ ಮುದುಕಿಯೊಬ್ಬಳು ಬಂದು, “ನನ್ನ ಕೆರೆ ಕದ್ದೋರು ಯಾರಪ್ಪಾ, ಕಂಪ್ಲೇಂಟ್ ಬರ್ಕೋ” ಅನ್ನುತ್ತಾಳೆ.

ಮುಂದಿನದನ್ನು ಬರೆಯಬೇಕಾದವರು ನೀವು. ಈ ಭಾನುವಾರ ನಿಮ್ಮ ಬಡಾವಣೆಯ ಅತಿ ಹಿರಿಯ ಅಜ್ಜಿಯ ಬಳಿ ಕುಳಿತು, ಲೇಔಟ್ ಆಗುವ ಮುಂಚೆ ಇಲ್ಲಿ ಏನಿತ್ತು ಎಂದು ಕೇಳಿ. ಅಧ್ಯಾಯ ಒಂದು ಅಲ್ಲೇ ಸಿಗುತ್ತದೆ.