ಪಾಸ್‌ವರ್ಡ್ ಪಾಠ: ನಿಯಮವಷ್ಟೇ ಸಾಲದು

ಕಂಪ್ಯೂಟರ್ ತರಬೇತಿಗೆ ಹೊಸದಾಗಿ ಸೇರಿದವರಿಗೆ ಪಾಸ್‌ವರ್ಡ್ ಬಗ್ಗೆ ಸಾಮಾನ್ಯವಾಗಿ ಹೇಳಿಕೊಡುವುದು ಇಷ್ಟೇ: ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ. ವಿದ್ಯಾರ್ಥಿನಿ ತನ್ನ ಹೆಸರು ಬರೆದು, ಮೊದಲಕ್ಷರ ದೊಡ್ಡದು ಮಾಡಿ, ಕೊನೆಗೆ ‘@123’ ಸೇರಿಸುತ್ತಾಳೆ. ಮೂರೂ ನಿಯಮ ಪಾಲಿಸಿದಂತಾಯಿತು, ಪಾಸ್‌ವರ್ಡ್ ಮಾತ್ರ ಭದ್ರವಾಗಲಿಲ್ಲ. ತಪ್ಪು ಅವಳದಲ್ಲ, ಕಾರಣ ಹೇಳದೆ ನಿಯಮ ಕಲಿಸಿದ ನಮ್ಮದು.

ಈ ನಿಯಮ ಬಹುಮಟ್ಟಿಗೆ ಹಬ್ಬಿದ್ದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗಸೂಚಿಯಿಂದ. 2017ರಲ್ಲಿ ಸ್ವತಃ ಅವರೇ ಆ ಸಲಹೆಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ಸಂಸ್ಥೆಯೂ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ಚಿಹ್ನೆ, ಅಂಕಿಗಳ ಒತ್ತಾಯ ಬೇಡ, ಕಾರಣವಿಲ್ಲದೆ ಆಗಾಗ ಬದಲಿಸುವುದೂ ಬೇಡ. ಉದ್ದಕ್ಕೆ ಅವಕಾಶವಿರಲಿ, ಈಗಾಗಲೇ ಸೋರಿಕೆಯಾದ ಪಾಸ್‌ವರ್ಡ್‌ಗಳನ್ನು ಒಪ್ಪಬೇಡಿ ಎಂದಿತು. ನಮ್ಮ ಅನೇಕ ತರಗತಿಗಳಲ್ಲಿ ಇಂದಿಗೂ ಹಳೆಯ ಪಾಠವೇ ನಡೆಯುತ್ತಿದೆ.

ಪಾಸ್‌ವರ್ಡ್ ಕಳವಾಗುವುದು ಹೇಗೆ ಎಂಬಲ್ಲಿಂದ ಪಾಠ ಶುರುವಾಗಬೇಕು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಸೋರಿದವು. ಕಂಪನಿ ಅವನ್ನು ಇದ್ದದ್ದು ಇದ್ದ ಹಾಗೇ ಬರೆದಿಟ್ಟಿತ್ತು. ಅತಿ ಹೆಚ್ಚು ಜನ ಬಳಸಿದ್ದು 123456. ಕಳ್ಳರು ಯಾರೊಬ್ಬರ ಖಾತೆಯ ಮುಂದೆ ಕೂತು ಊಹಿಸುವುದಿಲ್ಲ. ಇಂಥ ಪಟ್ಟಿಗಳನ್ನು ಯಂತ್ರಕ್ಕೆ ಕೊಟ್ಟು, ಒಂದು ಕಡೆ ಸಿಕ್ಕಿದ್ದನ್ನು ಹತ್ತು ಕಡೆ ಪ್ರಯತ್ನಿಸುತ್ತಾರೆ. ಇದು ಅರ್ಥವಾದರೆ, ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಬಳಸಬಾರದು ಏಕೆ ಎಂಬುದನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವವರಿಗೆ ಲೆಕ್ಕ ತೋರಿಸಬೇಕು. ನಮ್ಮಲ್ಲಿ ಮೊಬೈಲ್ ನಂಬರ್ ಆರಂಭವಾಗುವುದು 6, 7, 8 ಅಥವಾ 9ರಿಂದ. ಅಲ್ಲಿಗೆ ಇರುವ ಸಾಧ್ಯತೆ ಹೆಚ್ಚೆಂದರೆ 400 ಕೋಟಿ. ಎಂಡಿ5ನಂಥ ಹಳೆಯ ವಿಧಾನದಲ್ಲಿ ಅಡಗಿಸಿಟ್ಟ ಪಟ್ಟಿ ಕೈಗೆ ಸಿಕ್ಕರೆ, ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಒಂದು ಸೆಕೆಂಡಿನೊಳಗೆ ಪರೀಕ್ಷಿಸಿ ಮುಗಿಸುತ್ತದೆ. ಅದರ ಬದಲು ನಿಘಂಟನ್ನು ಕಣ್ಣುಮುಚ್ಚಿ ನಾಲ್ಕೈದು ಸಲ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ಪದಗಳನ್ನು ಜೋಡಿಸಲಿ: ಬದನೆ, ಗುಡುಗು, ರೈಲು, ಮರಳು, ಏಣಿ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರಾಯಿತು. ಗಾದೆ, ಚಿತ್ರಗೀತೆಯ ಸಾಲು ಬೇಡ. ಅವು ಎಲ್ಲರಿಗೂ ಗೊತ್ತು.

ವ್ಯವಸ್ಥೆಯೇ ಕಲಿಸುವ ಅಭ್ಯಾಸವೂ ಒಂದಿದೆ. ಇ-ಆಧಾರ್ ಪಿಡಿಎಫ್ ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ಇಸವಿ ಹಾಕಬೇಕು. ಎಷ್ಟೋ ಜನ ಮೊದಲ ಬಾರಿಗೆ ಟೈಪ್ ಮಾಡುವ ಪಾಸ್‌ವರ್ಡ್ ಇದೇ ಇರಬಹುದು. ಹೆಸರೂ ಇಸವಿಯೂ ಸೇರಿದರೆ ಪಾಸ್‌ವರ್ಡ್ ಎಂಬ ಕಲ್ಪನೆ ಅಲ್ಲಿಯೇ ಬೇರೂರುತ್ತದೆ. ಆ ಸೂತ್ರ ಊರಿಗೆಲ್ಲ ಗೊತ್ತಿರುವಂಥದ್ದು, ಸ್ವಂತ ಖಾತೆಗೆ ಅದು ಸಲ್ಲದು ಎಂದು ಶಿಕ್ಷಕರು ಬಿಡಿಸಿ ಹೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಸೈಬರ್ ಸೆಂಟರ್‌ಗಳ ಕಥೆ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಹೋದ ಹುಡುಗಿಗೆ ಅಲ್ಲಿಯವರೇ ಇಮೇಲ್ ತೆರೆದು, ಬಂದವರಿಗೆಲ್ಲ ಕೊಡುವ ಪಾಸ್‌ವರ್ಡನ್ನೇ ಕೊಟ್ಟು, ಅದನ್ನು ರಶೀದಿಯ ಹಿಂದೆ ಬರೆದುಕೊಡುತ್ತಾರೆ. ಕೆಲವೊಮ್ಮೆ ಮೊಬೈಲ್ ನಂಬರೂ ಅಂಗಡಿಯದೇ. ಮರುವರ್ಷ ಖಾತೆ ತೆರೆಯಬೇಕೆಂದರೆ ಒಟಿಪಿ ಹೋಗುವುದು ಆ ಅಂಗಡಿಗೆ. ಅವರ ಉದ್ದೇಶ ಕೆಟ್ಟದ್ದೇನಲ್ಲ, ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುತ್ತಾರೆ. ಆದರೆ ತನ್ನ ಹೆಸರಿನ ಖಾತೆಯ ಮೇಲೆ ತನಗೇ ಹಿಡಿತವಿಲ್ಲದ ಸ್ಥಿತಿ ಎಳವೆಯಲ್ಲೇ ರೂಢಿಯಾಗಿಬಿಡುತ್ತದೆ. ಗಟ್ಟಿ ಪಾಸ್‌ವರ್ಡ್ ಹೇಗಿರಬೇಕು ಎನ್ನುವುದಕ್ಕಿಂತ ಮೊದಲು, ಅದು ಯಾರ ಕೈಯಲ್ಲಿರಬೇಕು ಎಂಬುದನ್ನು ಕಲಿಸಬೇಕಿದೆ.

ಬರೆದಿಡಬಾರದು ಎಂಬ ಕಟ್ಟಪ್ಪಣೆಯನ್ನೂ ಸಡಿಲಿಸಬೇಕು. ನೆನಪಿಗೆ ಹೆದರಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ, ಬೇರೆಬೇರೆ ಇಟ್ಟು ಬೀರುವಿನ ಡೈರಿಯಲ್ಲಿ ಬರೆದಿಡುವುದು ಎಷ್ಟೋ ಮೇಲು. ಮನೆಯವರಿಂದಲೇ ಗುಟ್ಟು ಕಾಯಬೇಕಾದ ಹೆಣ್ಣುಮಕ್ಕಳಿಗೆ ಮಾತ್ರ ಈ ಸಲಹೆ ಹೊಂದದು. ಅವರಿಗೆ ಪಾಸ್‌ವರ್ಡ್ ಮ್ಯಾನೇಜರ್ ಬಳಸುವುದನ್ನು ಕೂತು ಹೇಳಿಕೊಡಬೇಕು.

ಇವೆಲ್ಲ ನಡೆಯಬೇಕಾದರೆ ಪರೀಕ್ಷೆಯೂ ಬದಲಾಗಬೇಕು. ಪಾಸ್‌ವರ್ಡ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆ ಸಾಲದು. ಶಿಕ್ಷಕರು ಪರದೆಯಿಂದ ದೂರ ನಿಂತಿರುವಾಗ ವಿದ್ಯಾರ್ಥಿನಿ ತನ್ನ ಇಮೇಲ್ ಪಾಸ್‌ವರ್ಡ್ ಬದಲಿಸಲಿ, ಮರುಪಡೆಯುವ ನಂಬರ್ ತನ್ನದೇ ಎಂದು ಖಚಿತಪಡಿಸಿಕೊಳ್ಳಲಿ, ಎರಡು ಹಂತದ ಪರಿಶೀಲನೆ ಚಾಲೂ ಮಾಡಲಿ, ಬೇರೆ ಯಾವ ಯಂತ್ರದಲ್ಲಿ ತನ್ನ ಖಾತೆ ತೆರೆದೇ ಇದೆ ಎಂದು ನೋಡಿ ಲಾಗ್ಔಟ್ ಮಾಡಲಿ. ಪ್ರಾಯೋಗಿಕ ಅಂಕ ಕೊಡಬೇಕಾದದ್ದು ಈ ನಾಲ್ಕು ಕೆಲಸಗಳಿಗೆ.